ಕಿಟೆಲ್ ಮತ್ತು ಪಾಯಿಂಟ್ಸ್ ಸಿಗದ ಕೆಲಸ

ಕಿಟೆಲ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಅಂಕದ ಪ್ರಶ್ನೆ. ಕನ್ನಡ–ಇಂಗ್ಲಿಷ್ ನಿಘಂಟು ರಚಿಸಿದವರು ಯಾರು? ರೆವರೆಂಡ್ ಫರ್ಡಿನೆಂಡ್ ಕಿಟೆಲ್. ಮುಗೀತು, ಮುಂದಿನ ಪ್ರಶ್ನೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡವನ್ನು ಸೆಕೆಂಡ್ ಲ್ಯಾಂಗ್ವೇಜ್ ಅಂತ ಹೇಗೋ ದಾಟಿ ಬಂದ ನಮಗೆ ಅವರ ಬಗ್ಗೆ ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ.

ಈ ಸಂಚಿಕೆಗೆ ಅವರ ಬಗ್ಗೆ ಬರೆಯೋಣ ಅಂತ ಬಳಗದಲ್ಲಿ ತೀರ್ಮಾನ ಆದ ಮೇಲೆ, ಒಂದು ಶನಿವಾರ ನಾವು ನಾಲ್ಕು ಜನ ವಿಜಯನಗರದಲ್ಲಿ ಪರ್ಪಲ್ ಲೈನ್ ಹತ್ತಿದೆವು. ಎಂ.ಜಿ. ರೋಡ್ ಸ್ಟೇಷನ್‌ನಲ್ಲಿ ಇಳಿದು ಮೇಯೋ ಹಾಲ್ ಕಡೆ ನಡೆದರೆ ಕಿಟೆಲ್ ಪ್ರತಿಮೆ ಸಿಗುತ್ತೆ. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೇವೆ, ನಿಂತು ನೋಡಿದ್ದು ಇದೇ ಮೊದಲು.

ದಾರಿಯಲ್ಲಿ ಮಾತು ಆಕ್ಟಿವಿಟಿ ಪಾಯಿಂಟ್ಸ್ ಕಡೆ ಹೋಯ್ತು. ನಿಮಗೂ ಗೊತ್ತಲ್ಲ, ಡಿಗ್ರಿ ಕೈಗೆ ಬರಬೇಕಾದರೆ 100 ಪಾಯಿಂಟ್ಸ್ ಬೇಕು. ಗಿಡ ನೆಟ್ಟರೆ ಪಾಯಿಂಟ್ಸ್, ಹಳ್ಳಿಗೆ ಹೋಗಿ ಸರ್ವೆ ಮಾಡಿದರೆ ಪಾಯಿಂಟ್ಸ್. ಇದು ಪುಣ್ಯದ ಲೆಕ್ಕದ ಹಾಗೇ ಇದೆ, ಚಿತ್ರಗುಪ್ತ ಈಗ ಎಕ್ಸೆಲ್ ಶೀಟ್ ಇಟ್ಟಿದ್ದಾನೆ ಅಂತ ಒಬ್ಬಳು ನಕ್ಕಳು. ಆಗ ನಮ್ಮ ಜೊತೆಗಿದ್ದ ಕೆಂಗೇರಿಯ ಗೆಳೆಯ ಒಂದು ವಿಷಯ ಹೇಳಿದ. ಅವರ ಮನೆಯವರು ಪ್ರತಿ ಭಾನುವಾರ ಚರ್ಚ್‌ಗೆ ಹೋಗೋರು. ಅಲ್ಲಿ ಚಿಕ್ಕಂದಿನಿಂದ ಕಲಿಸಿದ್ದು ಏನಂದರೆ, ಎಷ್ಟೇ ಒಳ್ಳೆ ಕೆಲಸ ಮಾಡಿದರೂ ರಕ್ಷಣೆ ಅನ್ನೋದನ್ನ ಸಂಪಾದಿಸೋಕೆ ಆಗಲ್ಲ, ಅದು ದೇವರು ಪುಕ್ಕಟೆ ಕೊಡೋದು. ಹಾಗಾದರೆ ಕೆಲಸ ಯಾಕೆ ಮಾಡಬೇಕು ಅಂತ ನಾವು ಕೇಳಿದೆವು. ಕೊಟ್ಟಿದ್ದನ್ನ ದೇವರು ವಾಪಸ್ ಕಿತ್ಕೋತಾನಾ ಅಂತಲೂ ಕೇಳಿದೆವು. ಅವನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ.

ಪ್ರತಿಮೆಯ ಮುಂದೆ ನಿಂತಾಗ ನಮಗೆ ಹೊಳೆದಿದ್ದು ಇಷ್ಟು. ಕೆಲಸದಿಂದ ಏನೂ ಸಿಗಲ್ಲ ಅಂತ ನಂಬಿದ್ದ ಮನುಷ್ಯ ಇವರು. ಇವರೇ ಸುಮಾರು 70,000 ಪದಗಳ ನಿಘಂಟು ಮಾಡಿದರು. ಇದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡೇ ಅವರ ಬದುಕನ್ನು ಓದಿದೆವು.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸ್ಲೆಂಡ್ ಪ್ರದೇಶದ ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ. ತಂದೆ ಪಾದ್ರಿ. ಕಾಕತಾಳೀಯ ನೋಡಿ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಮಿಷನರಿಯ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಗಿದ್ದೂ ಅದೇ 1832ರಲ್ಲಿ. ಮುಂದೆ ಅದನ್ನು ಮೀರಿಸುವ ನಿಘಂಟು ಮಾಡುವ ಮಗು ಅದೇ ವರ್ಷ ಇನ್ನೊಂದು ಸಮುದ್ರದ ದಡದಲ್ಲಿ ತೊಟ್ಟಿಲಲ್ಲಿತ್ತು.

18ನೇ ವಯಸ್ಸಿಗೆ, ಅಂದರೆ ನಮಗಿಂತ ಒಂದು ವರ್ಷ ಚಿಕ್ಕವರಿದ್ದಾಗ, 1850ರಲ್ಲಿ ಕಿಟೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು. ಈ ಸಂಸ್ಥೆ ಶುರುವಾಗಿದ್ದು 1815ರಲ್ಲಿ, ಇಂಡಿಯಾಗೆ ಬಂದಿದ್ದು 1834ರಲ್ಲಿ. ಮಂಗಳೂರು ಅವರ ಮೊದಲ ಕೇಂದ್ರ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ತಂದ ಹರ್ಮನ್ ಮೊಗ್ಲಿಂಗ್ ಕೂಡ ಇದೇ ಮಿಷನ್ನಿನವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮಿಷನ್ ಏನು ನಂಬಿತ್ತು ಅಂತ ತಿಳಿಯದೆ ಕಿಟೆಲ್ ಅರ್ಥ ಆಗಲ್ಲ.

1517ರಲ್ಲಿ ಮಾರ್ಟಿನ್ ಲೂಥರ್ ಜಗಳ ತೆಗೆದದ್ದು ಒಂದು ಥರದ ಪಾಯಿಂಟ್ಸ್ ವ್ಯಾಪಾರದ ವಿರುದ್ಧವೇ. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಡಿಮೆ ಆಗುತ್ತೆ ಅಂತ ಆಗ ಪತ್ರಗಳನ್ನು ಮಾರುತ್ತಿದ್ದರು. ಮನುಷ್ಯ ಏನು ಮಾಡಿದರೂ ದೇವರ ಮುಂದೆ ನೀತಿವಂತ ಆಗೋಕೆ ಆಗಲ್ಲ, ನಂಬಿಕೆಯೊಂದರಿಂದಲೇ ಕೃಪೆ ಸಿಗೋದು ಅನ್ನೋದು ಲೂಥರ್ ವಾದ. ಅವರಿಗೆ ಆಧಾರ ಪೌಲನ ಪತ್ರಗಳು. ಆದರೆ ಅದೇ ಬೈಬಲ್ಲಿನಲ್ಲಿ ಯಾಕೋಬನ ಪತ್ರವೂ ಇದೆ. ಕ್ರಿಯೆ ಇಲ್ಲದ ನಂಬಿಕೆಗೆ ಜೀವ ಇಲ್ಲ ಅನ್ನೋದು ಅದರ ವಾದ. ಲೂಥರ್‌ಗೆ ಆ ಪತ್ರ ಅಷ್ಟಾಗಿ ಇಷ್ಟವಿರಲಿಲ್ಲ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುತ್ತಾ? ಲೂಥರ್ ದಾರಿಯವರ ಪ್ರಕಾರ ಹೋಗಬಹುದು. ನಂಬಿಕೆ ಬಿಟ್ಟವನು ಕೃಪೆಯಿಂದ ಹೊರಗೆ ಬೀಳುತ್ತಾನೆ, ಪಶ್ಚಾತ್ತಾಪಪಟ್ಟರೆ ಮತ್ತೆ ಒಳಗೆ ಬರಬಹುದು. ಕಾಲ್ವಿನ್ ದಾರಿಯವರ ಪ್ರಕಾರ ಹೋಗಲ್ಲ. ದೇವರು ನಿಜವಾಗಿ ಆರಿಸಿಕೊಂಡವನನ್ನು ಕೊನೆತನಕ ದೇವರೇ ಕಾಯುತ್ತಾನೆ, ಪೂರ್ತಿ ಬಿಟ್ಟುಹೋದವನು ಮೊದಲೇ ನಿಜವಾಗಿ ಬಂದಿರಲಿಲ್ಲ ಅಂತ ಲೆಕ್ಕ. 1618–19ರಲ್ಲಿ ಹಾಲೆಂಡಿನ ಡಾರ್ಟ್ ಎಂಬ ಊರಲ್ಲಿ ತಿಂಗಳುಗಟ್ಟಲೆ ಸಭೆ ಕೂತು ಇದನ್ನು ಅಧಿಕೃತ ಮಾಡಿಕೊಂಡರು.

ಇದು ಬರೀ ಯುರೋಪಿನವರ ತಲೆನೋವು ಅಂದುಕೊಂಡಿದ್ದೆವು. ರಾಜಾಜಿನಗರದ ಗೆಳತಿಯ ಅಜ್ಜಿ ಅದನ್ನು ಸರಿಮಾಡಿದರು. ಅವರದು ಅಯ್ಯಂಗಾರ್ ಮನೆ. ನಮ್ಮ ಪ್ರಶ್ನೆ ಕೇಳಿದ ಕೂಡಲೇ ಅವರು ಕೋತಿಮರಿ, ಬೆಕ್ಕಿನಮರಿ ಕಥೆ ಹೇಳಿದರು. ಕೋತಿಮರಿ ಅಮ್ಮನ ಹೊಟ್ಟೆಯನ್ನ ತಾನೇ ಗಟ್ಟಿಯಾಗಿ ಹಿಡ್ಕೋಬೇಕು, ಕೈ ಬಿಟ್ಟರೆ ಬೀಳುತ್ತೆ. ಬೆಕ್ಕಿನಮರಿ ಏನೂ ಮಾಡಬೇಕಿಲ್ಲ, ಅಮ್ಮನೇ ಕತ್ತು ಕಚ್ಚಿಕೊಂಡು ಹೋಗುತ್ತೆ. ವಡಗಲೆಯವರು ಕೋತಿಮರಿಯ ಕಡೆ, ತೆಂಗಲೆಯವರು ಬೆಕ್ಕಿನಮರಿಯ ಕಡೆ. ದೇವರು ಬೇರೆ, ಗ್ರಂಥ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಅದೇ.

ಬಾಸೆಲ್ ಮಿಷನ್ನಿನಲ್ಲಿ ಇದ್ದದ್ದು ವಿಚಿತ್ರ ಪರಿಸ್ಥಿತಿ. ಸ್ವಿಸ್ ಸದಸ್ಯರು ಹೆಚ್ಚಾಗಿ ಕಾಲ್ವಿನ್ ಕಡೆಯ ಸುಧಾರಿತ ಸಭೆಯವರು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್‌ನಿಂದ ಬಂದವರು ಲೂಥರ್ ಕಡೆಯವರು. ಎರಡೂ ಉತ್ತರ ಒಂದೇ ಊಟದ ಮೇಜಿನಲ್ಲಿ ಕೂತಿದ್ದವು. ಇಬ್ಬರೂ ಒಪ್ಪುತ್ತಿದ್ದದ್ದು ಅಂದರೆ, ನಂಬಿಕೆ ನಿಜವಾಗಿದ್ದರೆ ಅದು ದಿನದಿನದ ಬದುಕಲ್ಲಿ ಕಾಣಿಸಬೇಕು. ಶ್ರಮ, ಶಿಸ್ತು, ಸಮಯಪಾಲನೆ ಎಲ್ಲ ಅದರ ಗುರುತು. ಕ್ರಿಯೆ ರಕ್ಷಣೆಗೆ ಕಾರಣ ಅಲ್ಲ ಅಂತ ಹೇಳುತ್ತಲೇ ಆ ಕ್ರಿಯೆಯ ಮೇಲೆ ಸದಾ ಒಂದು ಕಣ್ಣಿಟ್ಟಿರುತ್ತಿದ್ದರು. ಇಂಥ ಮನೆಯಲ್ಲಿ ತಯಾರಾಗಿ ಕಿಟೆಲ್ 1853ರಲ್ಲಿ ಹಡಗು ಹತ್ತಿದರು. ಆಗ ಅವರಿಗೆ 21.

ಬಂದದ್ದು ಧಾರವಾಡ–ಹುಬ್ಬಳ್ಳಿ ಕಡೆಗೆ. ಬಂದವರೇ ಕನ್ನಡಕ್ಕೆ ಬಿದ್ದರು. ಊರೂರು ಕಾಲ್ನಡಿಗೆಯಲ್ಲಿ ತಿರುಗಿ ಜನರ ಮಾತು ಕೇಳಿಸಿಕೊಂಡರು, ಹಳೆ ಪುಸ್ತಕ ಓದಿದರು. ಕನ್ನಡಿಗರ ನಡುವೆ ಕನ್ನಡಿಗನಾಗೇ ಇರಬೇಕು ಅನ್ನೋದು ಅವರ ಹಟ. ಪೌಲನೂ ಅಂಥವರ ನಡುವೆ ಅಂಥವನಾಗೇ ಇದ್ದವನು, ಹಾಗಾಗಿ ಇದು ಅವರಿಗೆ ಧರ್ಮಕ್ಕೆ ವಿರುದ್ಧವಾದ ಯೋಚನೆ ಅನ್ನಿಸಲಿಲ್ಲ. ಜೊತೆಯವರಿಗೆ ಮಾತ್ರ ಇದು ಹಿಡಿಸಲಿಲ್ಲ. ಮಿಷನರಿ ಅಂದರೆ ಬೋಧನೆ ಮಾಡಬೇಕು, ಜನರನ್ನು ಸಭೆಗೆ ತರಬೇಕು. ಈ ಹುಡುಗ ಓದುತ್ತಾ ತಿರುಗುತ್ತಾ ಕೂತರೆ ಹೇಗೆ? ಮೇಲಿನವರ ಜೊತೆ ತಿಕ್ಕಾಟ ಆಯ್ತು. ಬಾಸೆಲ್‌ನಲ್ಲಿ ಆಗ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿಗೆ ಹೆಸರಾದವರು. ಕಿಟೆಲ್ ಅವರ ದಾರಿ ಸುಗಮವಾಗಿರಲಿಲ್ಲ.

ಇಲ್ಲಿ ಆ ಎರಡು ಪ್ರಶ್ನೆಗಳು ಪುಸ್ತಕದಿಂದ ಇಳಿದು ನೆಲಕ್ಕೆ ಬರುತ್ತವೆ. ಕ್ರೈಸ್ತರಾದ ಜನ ಜಾತಿ ಕಳೆದುಕೊಳ್ಳುತ್ತಿದ್ದರು, ಅದರ ಜೊತೆಗೆ ಕುಲಕಸುಬು, ಎಷ್ಟೋ ಸಲ ಮನೆಯೂ ಹೋಗುತ್ತಿತ್ತು. ಅವರಿಗೆ ಬದುಕೋಕೆ ದಾರಿ ಬೇಕಲ್ಲ ಅಂತ ಮಿಷನ್ ಮುದ್ರಣಾಲಯ, ನೇಯ್ಗೆ, ಹೆಂಚಿನ ಕಾರ್ಖಾನೆ ಶುರುಮಾಡಿತು. ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂದದ್ದು 1865ರಲ್ಲಿ. ಮಂಗಳೂರು ಹೆಂಚು ಅಂತ ನಾವು ಕರೆಯೋದರ ಮೂಲ ಅದೇ. ಆದರೆ ಕಾರ್ಖಾನೆ ಬಂದ ಮೇಲೆ ಅನುಮಾನವೂ ಬಂತು. ಬಂದವನು ನಂಬಿ ಬಂದನೋ, ಕೂಲಿಗೆ ಬಂದನೋ?

ಸಭೆಯ ಶಿಸ್ತೂ ಬಿಗಿ. ಕುಡಿದರೆ, ಹಳೆ ಆಚರಣೆಗೆ ಮರಳಿದರೆ, ಜಾತಿ ನೋಡಿ ನಡೆದರೆ ಪ್ರಭುಭೋಜನದಿಂದ ಹೊರಗಿಡುತ್ತಿದ್ದರು. ತಪ್ಪೊಪ್ಪಿಕೊಂಡು ಬಂದವರನ್ನು ಮತ್ತೆ ಸೇರಿಸಿಕೊಳ್ಳುತ್ತಿದ್ದರು. ದೇವರ ಪುಸ್ತಕದಲ್ಲಿ ಹೆಸರು ಅಳಿಸುತ್ತೋ ಇಲ್ಲವೋ, ಸಭೆಯ ರಿಜಿಸ್ಟರಿನಲ್ಲಂತೂ ಅಳಿಸುತ್ತಿತ್ತು. ಒಬ್ಬ ಬಡವನಿಗೆ ಅದು ಬರೀ ಥಿಯಾಲಜಿ ಅಲ್ಲ. ಜಾತಿಯವರು ಆಗಲೇ ಬಿಟ್ಟಿದ್ದಾರೆ, ಈಗ ಸಭೆಯವರೂ ಬಿಟ್ಟರೆ ಸಂಜೆ ಎಲ್ಲಿಗೆ ಹೋಗೋದು? ನಮ್ಮ ಕೆಂಗೇರಿ ಗೆಳೆಯ ಇದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದ. ಕೃಪೆ ಪುಕ್ಕಟೆ ಅಂತ ಬೋಧಿಸುವ ಜಾಗದಲ್ಲೂ ಅಟೆಂಡೆನ್ಸ್ ತೆಗೆದುಕೊಳ್ಳೋದು ತಪ್ಪಲಿಲ್ಲ ಅಂತ ಆಮೇಲೆ ಹೇಳಿದ.

ಕಿಟೆಲ್ ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರು ಹೀಗೆ ಬೇರೆ ಬೇರೆ ಕಡೆ ಕೆಲಸ ಮಾಡಿದರು. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ಕೆಲವೇ ವರ್ಷದಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು.

1862ರಲ್ಲಿ ಅವರ ‘ಕಥಾಮಾಲೆ’ ಬಂತು. ಯೇಸುವಿನ ಕಥೆಯನ್ನು ಕನ್ನಡದ ಪದ್ಯದಲ್ಲಿ ಹೇಳಿದ ಪುಸ್ತಕ ಅದು. ಜರ್ಮನ್ ಹಾಡಿನ ಧಾಟಿಗೆ ಕನ್ನಡ ಪದ ತುಂಬಿಸುವ ಬದಲು ಇಲ್ಲಿಯ ಛಂದಸ್ಸಿನಲ್ಲೇ ಬರೆದರು. ಅದಕ್ಕೆ ಛಂದಸ್ಸು ಗೊತ್ತಿರಬೇಕು, ಛಂದಸ್ಸಿಗೆ ಹಳಗನ್ನಡ ಗೊತ್ತಿರಬೇಕು. ಹೀಗೆ ಒಂದರಿಂದ ಒಂದಕ್ಕೆ ಇಳಿಯುತ್ತಾ ಹೋದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಯಜ್ಞದ ಬಗ್ಗೆ ‘ಯಜ್ಞಸುಧಾನಿಧಿ’ ಅಂತ ಒಂದು ಪುಸ್ತಕ ಬರೆದದ್ದೂ 1872ರಲ್ಲೇ. ಕೇಶಿರಾಜ ಜೈನ ಪರಂಪರೆಯವನು. ಕ್ರಿಸ್ತನನ್ನು ಬೋಧಿಸೋಕೆ ಬಂದ ಪಾದ್ರಿ ಅವನ ಸೂತ್ರಗಳ ಓಲೆಪ್ರತಿ ತಿದ್ದುತ್ತಾ ಕೂತಿದ್ದರು.

ಆಮೇಲೆ ನಿಘಂಟು. ಇದಕ್ಕೆ ಹಿಡಿದದ್ದು ಸುಮಾರು ಎರಡು ದಶಕ. 1877ರಲ್ಲಿ ಜರ್ಮನಿಗೆ ಹೋದರು. ಆದರೆ ಅಲ್ಲಿ ಕೂತು ಈ ಕೆಲಸ ಆಗಲ್ಲ ಅನ್ನಿಸಿತು. ಪದದ ಅರ್ಥ ಪುಸ್ತಕದಲ್ಲಿ ಅರ್ಧ ಇದ್ದರೆ ಉಳಿದರ್ಧ ಆಡುವವರ ಬಾಯಲ್ಲಿರುತ್ತೆ. 1883ರಲ್ಲಿ, 51ರ ವಯಸ್ಸಿನಲ್ಲಿ, ಸಂಸಾರವನ್ನು ಜರ್ಮನಿಯಲ್ಲೇ ಬಿಟ್ಟು ಮತ್ತೆ ಇಲ್ಲಿಗೆ ಬಂದರು. 1892ರವರೆಗೂ ಇದ್ದರು. ಒಂಬತ್ತು ವರ್ಷ ಅಂದರೆ ನಾವು ಐದನೇ ಕ್ಲಾಸಿನಿಂದ ಈ ಸೆಮಿಸ್ಟರ್ ತನಕ ಬಂದಷ್ಟು ದೂರ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ನಿಘಂಟು ಹೊರಬಂತು. 1752 ಪುಟ. ಅದರ ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ, ಒಮ್ಮೆ ತೆರೆದು ನೋಡಿ. ಒಂದು ಪದ ತೆಗೆದರೆ ಅದರ ಅರ್ಥ, ಅದು ಅಚ್ಚಗನ್ನಡವೋ ಸಂಸ್ಕೃತದಿಂದ ಬಂದದ್ದೋ ಅನ್ನೋ ಗುರುತು, ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ನೆಂಟರು, ಕಾವ್ಯದಲ್ಲಿ ಬಳಕೆ, ಜನ ಹೇಳೋ ಗಾದೆ, ಎಲ್ಲ ಇರುತ್ತೆ. ಬಸವಪುರಾಣದಿಂದ ಉದಾಹರಣೆ ಇದೆ, ಜೈಮಿನಿ ಭಾರತದಿಂದ ಇದೆ, ದಾಸರ ಪದಗಳಿಂದ ಇದೆ. ಇಷ್ಟೆಲ್ಲ ಒಬ್ಬರಿಂದಲೇ ಆದದ್ದಲ್ಲ, ಇಲ್ಲಿಯ ಪಂಡಿತರು ಅವರ ಜೊತೆ ವರ್ಷಗಟ್ಟಲೆ ಕೂತಿದ್ದರು. ಕಂಪ್ಯೂಟರ್ ಇಲ್ಲ, ಸರ್ಚ್ ಇಲ್ಲ, ಸಾರ್ಟ್ ಇಲ್ಲ. ಡೇಟಾ ಸ್ಟ್ರಕ್ಚರ್ಸ್ ಓದುತ್ತಿರುವ ನಮಗೆ 70,000 ಎಂಟ್ರಿಗಳನ್ನು ಕೈಯಲ್ಲಿ ಅಕ್ಷರಕ್ರಮಕ್ಕೆ ತರೋದು ಅಂದರೆ ಏನು ಅಂತ ಗೊತ್ತು.

ಈಗ ನಮ್ಮ ಪ್ರಶ್ನೆಗೆ ಬರೋಣ.

ಮಿಷನರಿಯಾಗಿ ಕಿಟೆಲ್ ಸೋತವರು ಅಂತಲೇ ಅವರ ಬದುಕನ್ನು ಅಧ್ಯಯನ ಮಾಡಿದ ವಿದ್ವಾಂಸರು ಬರೆದಿದ್ದಾರೆ. ಬಾಸೆಲ್ ಅವರನ್ನು ಕಳಿಸಿದ್ದು ಜನರನ್ನು ಸಭೆಗೆ ತರೋಕೆ, ಆ ಲೆಕ್ಕದಲ್ಲಿ ಅವರ ಹೆಸರಿನ ಮುಂದೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹೋಗಲಿ, ನಿಘಂಟಾದರೂ ಅವರನ್ನು ದೇವರ ಮುಂದೆ ಕಾಪಾಡುತ್ತಾ? ಅವರ ಸ್ವಂತ ನಂಬಿಕೆಯ ಪ್ರಕಾರವೇ ಇಲ್ಲ. 1752 ಪುಟ ಇರಲಿ, 17 ಪುಟ ಇರಲಿ, ಕೃಪೆಗೆ ಅದು ಫೀಸ್ ಅಲ್ಲ. ಅಂದರೆ ಇಹದಲ್ಲಿ ಮಿಷನ್ನಿನ ಲೆಕ್ಕಕ್ಕೂ ಬಾರದ, ಪರದಲ್ಲಿ ದೇವರ ಲೆಕ್ಕಕ್ಕೂ ಬಾರದ ಕೆಲಸಕ್ಕೆ ಆ ಮನುಷ್ಯ ಅರ್ಧ ಬದುಕು ಕೊಟ್ಟರು.

ಮೊದಲು ಇದು ನಮಗೆ ದುಃಖದ ಕಥೆ ಅನ್ನಿಸಿತು. ನಿಧಾನಕ್ಕೆ ಬೇರೆ ಥರ ಕಾಣಿಸಿತು. ಪಾಯಿಂಟ್ಸ್‌ಗೆ ಗಿಡ ನೆಡುವಾಗ ನಾವು ಏನು ಮಾಡುತ್ತೇವೆ? ಫೋಟೋ ತೆಗೆಸಿಕೊಂಡು ಬರುತ್ತೇವೆ. ಗಿಡ ಬದುಕಿತಾ ಅಂತ ಯಾರೂ ವಾಪಸ್ ಹೋಗಿ ನೋಡಲ್ಲ. ಯಾಕೆಂದರೆ ನಮ್ಮ ಕಣ್ಣು ಗಿಡದ ಮೇಲಿರಲಿಲ್ಲ, ಶೀಟಿನ ಮೇಲಿತ್ತು. ಲೂಥರ್ ಕೂಡ ಇದೇ ಅರ್ಥದ ಮಾತು ಹೇಳುತ್ತಿದ್ದರು. ದೇವರಿಗೆ ನಿನ್ನ ಒಳ್ಳೆ ಕೆಲಸ ಬೇಕಿಲ್ಲ, ಪಕ್ಕದ ಮನೆಯವನಿಗೆ ಬೇಕು. ನಿನ್ನ ಲೆಕ್ಕ ಆಗಲೇ ಚುಕ್ತಾ ಆಗಿದ್ದರೆ ಕೈ ಖಾಲಿಯಾಯ್ತು, ಈಗ ಅದನ್ನು ಪಕ್ಕದವನಿಗೆ ಕೊಡಬಹುದು. ಕಿಟೆಲ್‌ಗೆ ಆ ಪಕ್ಕದ ಮನೆ ಕನ್ನಡವಾಯ್ತು.

ಬಸವೇಶ್ವರನಗರದ ನಮ್ಮ ಗೆಳತಿ ಇದಕ್ಕೆ ತಕ್ಷಣ ಕಾಯಕ ಅನ್ನೋ ಪದ ಕೊಟ್ಟಳು. ಅವಳು ಓದಿಕೊಂಡಿರುವ ಪ್ರಕಾರ ಶರಣರ ಕಾಯಕವೂ ಫಲ ಎಣಿಸಿ ಮಾಡುವ ಕೆಲಸ ಅಲ್ಲ, ದುಡಿದದ್ದು ದಾಸೋಹಕ್ಕೆ ಹೋಗುತ್ತೆ. ಎರಡೂ ಒಂದೇ ಅಂತ ನಾವು ಹೇಳಲ್ಲ. ಕಾಯಕದಲ್ಲಿ ಕೆಲಸವೇ ಪೂಜೆ, ಕಿಟೆಲ್ ನಂಬಿಕೆಯಲ್ಲಿ ಕೆಲಸ ಕೃಪೆಯ ನಂತರ ಬರುವ ಕೃತಜ್ಞತೆ. ಆದರೆ ಎರಡು ಕಡೆಯೂ ಕೆಲಸ ಮಾಡುವವನ ಕಣ್ಣು ಲೆಕ್ಕದ ಪುಸ್ತಕದ ಮೇಲಿಲ್ಲ.

ಹಾಗಂತ ಕಿಟೆಲ್‌ರನ್ನು ದೇವರು ಮಾಡಿ ಕೂರಿಸೋದು ಬೇಡ. ಇಲ್ಲಿಯ ಧರ್ಮಗಳನ್ನು ಬಿಟ್ಟು ಜನ ತಮ್ಮ ಕಡೆ ಬರಲಿ ಅನ್ನೋದೇ ಅವರ ಆಸೆಯಾಗಿತ್ತು, ಅದನ್ನು ಅವರು ಕೊನೆತನಕ ಬಿಡಲಿಲ್ಲ. ನಮ್ಮಲ್ಲೇ ಒಬ್ಬನಿಗೆ ಈ ವಿಷಯ ಈಗಲೂ ಚುಚ್ಚುತ್ತೆ. ಭಾಷೆ ಕಲಿತದ್ದೇ ಮತ ಬದಲಿಸೋಕೆ ಅಲ್ವಾ ಅಂತ ಅವನ ಪ್ರಶ್ನೆ. ಶುರು ಆದದ್ದು ಹಾಗೇ, ನಿಜ. ಆದರೆ ಮತ ಬದಲಿಸೋಕೆ ಮಾತ್ರ ಬೇಕಿದ್ದರೆ ಇಷ್ಟು ದೊಡ್ಡ ನಿಘಂಟು ಬೇಕಿರಲಿಲ್ಲ, ನಾಗವರ್ಮನೂ ಬೇಕಿರಲಿಲ್ಲ. ಎಲ್ಲೋ ದಾರಿಯಲ್ಲಿ ಕೆಲಸ ಅದರ ಉದ್ದೇಶಕ್ಕಿಂತ ದೊಡ್ಡದಾಗಿ ಬೆಳೆಯಿತು ಅಂತ ನಮಗೆ ಅನ್ನಿಸುತ್ತೆ. ಅವನು ಇನ್ನೂ ಒಪ್ಪಿಲ್ಲ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೆ ನಿಲ್ಲಿಸದೆ ಕನ್ನಡದ ವ್ಯಾಕರಣ ಬರೆದರು, ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು. 71 ವರ್ಷ ಆಗಿತ್ತು. ಮುಂದೆ ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿ ಬೆಳೆಸಿದರು, ಮದ್ರಾಸ್ ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರೊಳಗೆ ನಾಲ್ಕು ಸಂಪುಟಗಳಲ್ಲಿ ತಂದಿತು. ಬಾಸೆಲ್ ಮಿಷನ್ ಕಟ್ಟಿದ ಇಲ್ಲಿಯ ಸಭೆಗಳು ಇವತ್ತು ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿವೆ. ರಕ್ಷಣೆ ಕಳೆಯಬಹುದು ಅನ್ನುವ ಮೆಥಡಿಸ್ಟ್ ಪರಂಪರೆ, ಕಳೆಯಲ್ಲ ಅನ್ನುವ ಪ್ರೆಸ್ಬಿಟೇರಿಯನ್ ಪರಂಪರೆ ಎರಡೂ ಆ ಒಂದೇ ಸಭೆಯೊಳಗೆ ಬಂದು ಸೇರಿವೆ. ಲೂಥರನ್ನರು ಮತ್ತು ಕ್ಯಾಥೊಲಿಕರು ಕೂಡ 1999ರ ಅಕ್ಟೋಬರ್ 31ರಂದು ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ರಕ್ಷಣೆ ಕೃಪೆಯಿಂದ, ಒಳ್ಳೆ ಕೆಲಸ ಅದರ ಫಲ ಅನ್ನೋದು ಅದರ ಸಾರ. ಈ ಒಂದು ಮಾತಿಗೆ ಸುಮಾರು 480 ವರ್ಷ ಹಿಡಿಯಿತು. ನಮ್ಮ ಬಳಗದ ಜಗಳಗಳು ಒಂದು ಸೆಮಿಸ್ಟರ್‌ನಲ್ಲಿ ಬಗೆಹರಿಯದಿದ್ದರೆ ಬೇಜಾರು ಬೇಡ.

ಇಷ್ಟು ಓದಿದ ಮೇಲೂ ರಕ್ಷಣೆ ಕಳೆದುಹೋಗುತ್ತಾ ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇಲ್ಲ. ಅದು ನಮ್ಮ ಸಿಲಬಸ್ಸಿಗೆ ಮೀರಿದ್ದು. ಕೆಂಗೇರಿ ಗೆಳೆಯ ತಾನು ಲೂಥರ್ ಕಡೆ ಅಂತ ಈಗ ಹೇಳುತ್ತಾನೆ, ಕೈ ಬಿಟ್ಟರೂ ಮತ್ತೆ ಹಿಡ್ಕೋಬಹುದು ಅನ್ನೋದು ಅವನಿಗೆ ಹಿಡಿಸಿದೆ. ಎರಡು ಬ್ಯಾಕ್‌ಲಾಗ್ ಇರುವವನಿಗೆ ಹಿಡಿಸದೆ ಇನ್ನೇನು!

ಪ್ರತಿಮೆ ನೋಡಿ ವಾಪಸ್ ಬರುವಾಗ ಮೆಟ್ರೋದಲ್ಲಿ ಫೋನಿನಲ್ಲೇ ಕಿಟೆಲ್ ನಿಘಂಟು ತೆರೆದು, ಒಬ್ಬೊಬ್ಬರಾಗಿ ಅಜ್ಜಿ ಬಾಯಲ್ಲಿ ಕೇಳಿ ಅರ್ಥ ಗೊತ್ತಿಲ್ಲದೆ ಬಿಟ್ಟಿದ್ದ ಪದಗಳನ್ನು ಹುಡುಕಿದೆವು. ಮೆಜೆಸ್ಟಿಕ್ ಬಂದದ್ದು ತಿಳಿಯಲಿಲ್ಲ, ಗ್ರೀನ್ ಲೈನಿಗೆ ಬದಲಾಯಿಸಬೇಕಿದ್ದ ರಾಜಾಜಿನಗರದವಳು ಇಳಿಯೋದೇ ಮರೆತು ನಮ್ಮ ಜೊತೆ ವಿಜಯನಗರದ ತನಕ ಬಂದಳು.

ಅಂದ ಹಾಗೆ ಈ ಲೇಖನಕ್ಕೆ ಆಕ್ಟಿವಿಟಿ ಪಾಯಿಂಟ್ಸ್ ಇಲ್ಲ. ವಿಚಾರಿಸಿದೆವು.